ಬ್ರಿಟನ್ ಪಿಂಚಣಿದಾರರ ಚಳಿಗಾಲದ ಹಣ: ವಿದೇಶದಲ್ಲಿದ್ದವರು ಪಡೆಯುವುದು ಹೇಗೆ?

ಬ್ರಿಟನ್ನಿನಲ್ಲಿ ಪಿಂಚಣಿ ವಯಸ್ಸು ದಾಟಿದವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳಲು ಸರ್ಕಾರ ಹಣ ಕೊಡುತ್ತದೆ. ಅದಕ್ಕೆ ವಿಂಟರ್ ಫ್ಯೂಯಲ್ ಪೇಮೆಂಟ್ ಅಂತ ಹೆಸರು. 1997ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ ಇದು ಶುರುವಾಯಿತು. ದೇಶ ಬಿಟ್ಟು ಯುರೋಪಿನ ಬೇರೆ ಕಡೆ ನೆಲೆಸಿದ ಕೆಲವು ಪಿಂಚಣಿದಾರರಿಗೂ ಇದು ಸಿಗುತ್ತದೆ. ಆದರೆ ಅಲ್ಲಿದ್ದವರಿಗೆ ತಾನಾಗಿಯೇ ಬಂದುಬಿಡುವುದಿಲ್ಲ. ಮೊದಲ ಸಲ ಕೇಳಿಯೇ ಪಡೆಯಬೇಕು.

ಕರ್ನಾಟಕದಿಂದ ಹೋಗಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಡಾಕ್ಟರು, ನರ್ಸುಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಲವರು ಮಕ್ಕಳ ಜೊತೆ ಜರ್ಮನಿಗೋ ಐರ್ಲೆಂಡಿಗೋ ಹೋದರು. ಕೆಲವರು ಮೈಸೂರು, ಬೆಂಗಳೂರಿಗೆ ವಾಪಸ್ ಬಂದರು. ಈ ಎರಡು ಗುಂಪಿಗೂ ನಿಯಮ ಪೂರ್ತಿ ಬೇರೆ. ಅದಕ್ಕೇ ಅರ್ಜಿ ಕೈಗೆತ್ತಿಕೊಳ್ಳುವ ಮುಂಚೆ ಒಂದಿಷ್ಟು ವಿಷಯ ನೋಡಿಕೊಳ್ಳಿ.

ಮೊದಲು: ನೀವಿರುವ ದೇಶ ಪಟ್ಟಿಯಲ್ಲಿದೆಯಾ?

ಸ್ವಿಟ್ಜರ್ಲೆಂಡ್ ಅಥವಾ ಯುರೋಪಿಯನ್ ಆರ್ಥಿಕ ವಲಯದ (ಯುರೋಪಿಯನ್ ಒಕ್ಕೂಟ ಮತ್ತು ನಾರ್ವೆಯಂಥ ಕೆಲವು ದೇಶಗಳ ಗುಂಪು) ಪಟ್ಟಿಯಲ್ಲಿರುವ ದೇಶದಲ್ಲಿ ನೀವು ವಾಸವಿರಬೇಕು. ಜರ್ಮನಿ, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಇಟಲಿ, ಆಸ್ಟ್ರಿಯಾ, ಸ್ವೀಡನ್, ನಾರ್ವೆ, ಪೋಲೆಂಡ್ ಎಲ್ಲ ಪಟ್ಟಿಯಲ್ಲಿವೆ. ಸ್ಪೇನ್, ಪೋರ್ಚುಗಲ್, ಫ್ರಾನ್ಸ್, ಗ್ರೀಸ್, ಸೈಪ್ರಸ್, ಮಾಲ್ಟಾ ಇಲ್ಲ. ಜಿಬ್ರಾಲ್ಟರ್ ಕೂಡ ಇಲ್ಲ.

ಇದರ ಹಿಂದಿನ ಲೆಕ್ಕ ಹೀಗಿದೆ. 2015-16ರ ಚಳಿಗಾಲದಿಂದ ಬ್ರಿಟನ್ ಸರ್ಕಾರ ತಾಪಮಾನದ ಅಳತೆಗೋಲು ತಂದಿತು. ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವುದು ಇಂಗ್ಲೆಂಡಿನ ನೈಋತ್ಯ ಭಾಗ, ಅಂದರೆ ಕಾರ್ನ್‌ವಾಲ್, ಡೆವನ್ ಇರುವ ಕಡೆ. ಒಂದು ದೇಶದ ಸರಾಸರಿ ಚಳಿಗಾಲ ಅದಕ್ಕಿಂತ ಬೆಚ್ಚಗಿದ್ದರೆ ಅಲ್ಲಿನವರಿಗೆ ಹಣ ಇಲ್ಲ. ಕೇಳಿದರೆ ಸರಿ ಅನಿಸುತ್ತದೆ, ಅಲ್ವಾ? ತೊಂದರೆ ಇರುವುದು ಇಡೀ ದೇಶಕ್ಕೆ ಒಂದೇ ಸರಾಸರಿ ತೆಗೆಯುವುದರಲ್ಲಿ. ಫ್ರಾನ್ಸಿನ ಸರಾಸರಿಯಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್, ಮಾರ್ಟಿನೀಕ್, ಹಿಂದೂ ಮಹಾಸಾಗರದ ರಿಯೂನಿಯನ್ ಕೂಡ ಸೇರಿಕೊಂಡವು. ಅವು ಕಾನೂನಿನ ಪ್ರಕಾರ ಫ್ರಾನ್ಸಿನ ಭಾಗಗಳೇ. ಹಾಗಾಗಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಹಳ್ಳಿಯಲ್ಲಿ ಹಿಮ ತೋಡುವ ಮುದುಕರಿಗೆ ಒಂದು ಪೌಂಡೂ ಇಲ್ಲ. ಇಟಲಿಯ ಸರಾಸರಿಯನ್ನು ಉತ್ತರದ ಬೆಟ್ಟಗಳು ತಗ್ಗಿಸುತ್ತವೆ. ಅದರಿಂದ ದಕ್ಷಿಣದ ಸಿಸಿಲಿಯಲ್ಲಿ ಕಿತ್ತಳೆ ತೋಟದ ಪಕ್ಕ ಇರುವವರಿಗೆ ಸಿಗುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಚಳಿ ಆಗುವುದು ಮನುಷ್ಯನಿಗೆ, ದೇಶದ ಸರಾಸರಿಗೆ ಅಲ್ಲ. ಆದರೆ ಸದ್ಯಕ್ಕೆ ನಿಯಮ ಇದೇ. ಸ್ಪೇನ್, ಫ್ರಾನ್ಸಿನಲ್ಲಿರುವವರು "ನಮ್ಮ ಊರಲ್ಲಿ ಹಿಮ ಬೀಳುತ್ತೆ" ಅಂತ ಬರೆದು ಕಳಿಸಿದರೂ ಪ್ರಯೋಜನವಿಲ್ಲ.

ಯಾವಾಗ ಹೋದಿರಿ ಅನ್ನುವುದು ಮುಖ್ಯ

2021ರ ಜನವರಿ 1ಕ್ಕಿಂತ ಮುಂಚೆ ನೀವು ಆ ದೇಶಕ್ಕೆ ಹೋಗಿ ನೆಲೆಸಿರಬೇಕು. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ನಂತರದ ಸಂಕ್ರಮಣ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆ ಗೆರೆಗೆ ಮುಂಚೆ ಹೋದವರ ಹಕ್ಕುಗಳನ್ನು ಬ್ರಿಟನ್–ಯುರೋಪ್ ಒಪ್ಪಂದ ಉಳಿಸಿಕೊಟ್ಟಿದೆ. ಇದಕ್ಕೆ ಪುರಾವೆ ಕೇಳಬಹುದು. ಜರ್ಮನಿಯಲ್ಲಿದ್ದರೆ ವಿಳಾಸ ನೋಂದಣಿಯ ಕಾಗದ, ಬೇರೆ ಕಡೆ ಬಾಡಿಗೆ ಕರಾರು ಅಥವಾ 2020ರ ಹಳೇ ಕರೆಂಟ್ ಬಿಲ್ಲು, ಹೀಗೆ ತಾರೀಕು ಇರುವ ಯಾವುದಾದರೂ ಒಂದನ್ನು ತೆಗೆದಿಟ್ಟುಕೊಳ್ಳಿ.

ಇದರ ಜೊತೆಗೆ ಬ್ರಿಟನ್ನಿನೊಂದಿಗೆ "ನಿಜವಾದ, ಸಾಕಷ್ಟು ನಂಟು" ಇರಬೇಕು ಅನ್ನುವ ಷರತ್ತಿದೆ. ಇದಕ್ಕೆ ಹೆದರಬೇಡಿ. ಅಲ್ಲಿ ವಾಸ ಮಾಡಿದ್ದು, ಕೆಲಸ ಮಾಡಿದ್ದು, ಈಗಲೂ ಮನೆಯವರು ಅಲ್ಲಿರುವುದು ಎಲ್ಲವೂ ನಂಟೇ. ಇಪ್ಪತ್ತು ವರ್ಷ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ದುಡಿದವರಿಗೆ ಇದು ಕಷ್ಟದ ಷರತ್ತಲ್ಲ.

ವಯಸ್ಸು ಮತ್ತು ಮೊತ್ತ

2025-26ರ ಚಳಿಗಾಲಕ್ಕೆ 1959ರ ಸೆಪ್ಟೆಂಬರ್ 22ಕ್ಕಿಂತ ಮುಂಚೆ ಹುಟ್ಟಿದವರು ಅರ್ಹರು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಒಂದು ವಾರವನ್ನು "ಅರ್ಹತಾ ವಾರ" ಅಂತ ಗೊತ್ತು ಮಾಡುತ್ತಾರೆ. 2025ರಲ್ಲಿ ಅದು ಸೆಪ್ಟೆಂಬರ್ 15ರಿಂದ 21. ಆ ವಾರ ನೀವು ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ ಅನ್ನುವುದರ ಮೇಲೆ ಲೆಕ್ಕ ನಡೆಯುತ್ತದೆ.

ಒಂದು ಮನೆಗೆ 200 ಪೌಂಡ್. ಮನೆಯಲ್ಲಿ 80 ದಾಟಿದವರಿದ್ದರೆ 300. ಗಂಡ ಹೆಂಡತಿ ಇಬ್ಬರೂ ಅರ್ಹರಾಗಿ 80ರ ಒಳಗಿದ್ದರೆ ತಲಾ 100. ಇಬ್ಬರೂ 80 ದಾಟಿದ್ದರೆ ತಲಾ 150. ಒಬ್ಬರು ಮಾತ್ರ ದಾಟಿದ್ದರೆ ಅವರಿಗೆ 200, ಇನ್ನೊಬ್ಬರಿಗೆ 100.

ಇಲ್ಲೊಂದು ಗೊಂದಲ ಬಿಡಿಸಬೇಕು. 2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಈ ಹಣವನ್ನು ಪೆನ್ಷನ್ ಕ್ರೆಡಿಟ್‌ನಂಥ ಬಡವರ ಸವಲತ್ತು ಪಡೆಯುವವರಿಗೆ ಮಾತ್ರ ಅಂತ ಸೀಮಿತ ಮಾಡಿದರು. ಆ ಚಳಿಗಾಲ ಲಕ್ಷಾಂತರ ಜನರ ಕೈತಪ್ಪಿತು. ವಿರೋಧ ಜಾಸ್ತಿಯಾಗಿ 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ವಯಸ್ಸಾದ ಎಲ್ಲರಿಗೂ ಕೊಟ್ಟು, ವರ್ಷಕ್ಕೆ 35,000 ಪೌಂಡಿಗಿಂತ ಜಾಸ್ತಿ ತೆರಿಗೆಗೆ ಒಳಪಡುವ ಆದಾಯ ಇರುವವರಿಂದ ತೆರಿಗೆ ಇಲಾಖೆಯ ಮೂಲಕ ವಾಪಸ್ ಪಡೆಯುವುದು ನಿಯಮ. ಮಿತಿ ಒಂದು ಪೌಂಡ್ ದಾಟಿದರೂ ಪೂರ್ತಿ ಹಣ ವಾಪಸ್. ಗಂಡ ಹೆಂಡತಿಯ ಆದಾಯ ಕೂಡಿಸುವುದಿಲ್ಲ, ಒಬ್ಬೊಬ್ಬರದು ಬೇರೆ ಬೇರೆ ನೋಡುತ್ತಾರೆ. "ಅದು ನಿಂತುಹೋಯಿತಂತೆ" ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ನೆ ಕೂತವರು ಮತ್ತೆ ವಿಚಾರಿಸಿ.

ಸ್ಕಾಟ್ಲೆಂಡಿನ ನಂಟಿರುವವರಿಗೆ ಬೇರೆ ವ್ಯವಸ್ಥೆ ಇದೆ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಸ್ಕಾಟ್ಲೆಂಡ್ ಅನ್ನುವ ಸಂಸ್ಥೆ ಪೆನ್ಷನ್ ಏಜ್ ವಿಂಟರ್ ಹೀಟಿಂಗ್ ಪೇಮೆಂಟ್ ಕೊಡುತ್ತದೆ. ಅರ್ಜಿ ಅಲ್ಲಿಗೇ ಹೋಗಬೇಕು.

ಅರ್ಜಿ ತುಂಬುವುದು

ಬ್ರಿಟನ್ ಸರ್ಕಾರದ ಅಧಿಕೃತ ವೆಬ್‌ಸೈಟಿನಲ್ಲಿ ವಿದೇಶದಲ್ಲಿರುವವರಿಗೆ ಬೇರೆ ಫಾರಂ ಇದೆ. ಬ್ರಿಟನ್ನಿನಲ್ಲೇ ಇರುವವರ ಫಾರಂ ತುಂಬಬೇಡಿ. ಪ್ರಿಂಟ್ ತೆಗೆದು, ತುಂಬಿ, ವಿಂಟರ್ ಫ್ಯೂಯಲ್ ಪೇಮೆಂಟ್ ಸೆಂಟರಿಗೆ ಅಂಚೆಯಲ್ಲಿ ಕಳಿಸಬೇಕು. ಕೂರುವ ಮುಂಚೆ ಇವನ್ನು ಮೇಜಿನ ಮೇಲಿಟ್ಟುಕೊಳ್ಳಿ:

- ನ್ಯಾಷನಲ್ ಇನ್ಶೂರೆನ್ಸ್ ನಂಬರ್. ಬ್ರಿಟನ್ನಿನಲ್ಲಿ ದುಡಿದವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಇದು: ಎರಡು ಅಕ್ಷರ, ಆರು ಅಂಕಿ, ಕೊನೆಗೆ ಒಂದು ಅಕ್ಷರ. ಪಿಂಚಣಿ ಪತ್ರದಲ್ಲಿ ಅಥವಾ ಹಳೇ ಪಿ60 ಚೀಟಿಯಲ್ಲಿ (ವರ್ಷದ ಸಂಬಳ, ತೆರಿಗೆಯ ಲೆಕ್ಕದ ಕಾಗದ) ಸಿಗುತ್ತದೆ.
- ಬ್ಯಾಂಕ್ ಖಾತೆಯ ಐಬಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಮತ್ತು ಬಿಕ್ (ಬ್ಯಾಂಕಿನ ಗುರುತು ಸಂಖ್ಯೆ).
- ಮದುವೆಯಾದವರಿಗೆ ಮದುವೆಯ ತಾರೀಕು.

ಐಬಾನ್ ಬರೆಯುವಾಗ ಅವಸರ ಬೇಡ. ಜರ್ಮನಿ, ಐರ್ಲೆಂಡಿನ ಐಬಾನ್ ಅಕ್ಷರ, ಅಂಕಿ ಸೇರಿ 22, ಇಟಲಿಯದು 27. ಮೊದಲಿಗೆ ದೇಶದ ಎರಡು ಅಕ್ಷರ ಬರುತ್ತದೆ. ಬ್ಯಾಂಕಿನ ಕಾಗದದಲ್ಲಿ ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುತ್ತಾರೆ. ಹಾಗೆಯೇ ನಾಲ್ಕು ನಾಲ್ಕಾಗಿ ಓದಿಕೊಂಡು ಬರೆಯಿರಿ, ಆಮೇಲೆ ಇನ್ನೊಬ್ಬರ ಕೈಲಿ ಎಣಿಸಿ ನೋಡಿಸಿ. ಇಂಗ್ಲಿಷಿನ 'ಓ' ಅಕ್ಷರ ಮತ್ತು ಸೊನ್ನೆ ಕಲೆಸಿಹೋಗದಂತೆ ನೋಡಿ.

ನಮ್ಮ ಹೆಸರುಗಳದ್ದು ಇನ್ನೊಂದು ಪೇಚು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಹಿಂದೆ ಹೋಗಿರುತ್ತದೆ. ಬ್ಯಾಂಕಿನಲ್ಲಿ ಮೂರನೇ ತರಹ. ಪಿಂಚಣಿ ಪತ್ರದಲ್ಲಿ ಹೆಸರು ಹೇಗಿದೆಯೋ ಫಾರಂನಲ್ಲಿ ಅಕ್ಷರಶಃ ಹಾಗೇ ಬರೆಯಿರಿ. ಬ್ಯಾಂಕ್ ಖಾತೆಯ ಹೆಸರು ಬೇರೆ ತರಹ ಇದ್ದರೆ ಖಾತೆಯ ಜಾಗದಲ್ಲಿ ಮಾತ್ರ ಬ್ಯಾಂಕಿನಲ್ಲಿರುವಂತೆ ತುಂಬಿ.

ಅರ್ಹತಾ ವಾರದಲ್ಲಿ ಆಸ್ಪತ್ರೆಯಲ್ಲಿದ್ದಿರಾ, ಕೇರ್ ಹೋಮ್‌ನಲ್ಲಿದ್ದಿರಾ ಅಂತಲೂ ಕೇಳುತ್ತಾರೆ. ಇದ್ದದ್ದನ್ನು ಇದ್ದಹಾಗೆ ಬರೆಯಿರಿ, ಮೊತ್ತ ಅದರ ಮೇಲೆ ಬದಲಾಗುತ್ತದೆ.

ಕೊನೇ ದಿನ ಮಾರ್ಚ್ 31. 2025-26ರ ಹಣಕ್ಕೆ 2026ರ ಮಾರ್ಚ್ 31. ವಿದೇಶಿ ಅಂಚೆ ನಿಧಾನ, ಹಾಗಾಗಿ ಫೆಬ್ರವರಿ ದಾಟಿಸಬೇಡಿ. ಫಾರಂನ ಫೋಟೋ ಮತ್ತು ಅಂಚೆ ರಸೀದಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಹಣ ನವೆಂಬರ್, ಡಿಸೆಂಬರಿನಲ್ಲಿ ಖಾತೆಗೆ ಬೀಳುತ್ತದೆ. ತಡವಾಗಿ ಅರ್ಜಿ ಹಾಕಿದವರಿಗೆ ಆಮೇಲೆ ಬರುತ್ತದೆ.

ಮೋಸದ ಮೆಸೇಜು

ಚಳಿಗಾಲ ಬಂತೆಂದರೆ "ನಿಮ್ಮ ಹೀಟಿಂಗ್ ಹಣಕ್ಕೆ ಇವತ್ತೇ ಕೊನೇ ದಿನ, ಲಿಂಕ್ ಒತ್ತಿ" ಅನ್ನುವ ಮೆಸೇಜುಗಳು ಪಿಂಚಣಿದಾರರ ಫೋನಿಗೆ ಬರುತ್ತವೆ. ಈ ಹಣಕ್ಕಾಗಿ ಲಿಂಕ್ ಕಳಿಸಿ ಬ್ಯಾಂಕ್ ವಿವರ ಕೇಳುವುದು ಮೋಸಗಾರರು, ಸರ್ಕಾರವಲ್ಲ. ಒತ್ತಬೇಡಿ, ಅಳಿಸಿಬಿಡಿ. ಅಪ್ಪ ಅಮ್ಮ ಒಬ್ಬರೇ ಇದ್ದರೆ ಮಕ್ಕಳು ಫೋನ್ ಮಾಡಿ ಇದನ್ನು ಹೇಳಿ.

ಊರಿಗೆ ವಾಪಸ್ ಬಂದವರಿಗೆ

ಭಾರತದಲ್ಲಿ ನೆಲೆಸಿದವರಿಗೆ ಈ ಹಣ ಇಲ್ಲ. ಮಡಿಕೇರಿಯಲ್ಲಿ ಡಿಸೆಂಬರಿನ ಚಳಿ ಎಷ್ಟೇ ಇರಲಿ, ಭಾರತ ಪಟ್ಟಿಯಲ್ಲೇ ಇಲ್ಲ. ಸೆಪ್ಟೆಂಬರಿನಲ್ಲಿ ಮಗಳ ಮನೆಗೆ ಲಂಡನ್ನಿಗೆ ಹೋಗಿಬಂದರೂ ಆಗುವುದಿಲ್ಲ, ಅಲ್ಲೇ ವಾಸ ಇರಬೇಕು. ಯಾರಾದರೂ ದುಡ್ಡು ತಗೊಂಡು ಮಾಡಿಸಿಕೊಡುತ್ತೇನೆ ಅಂದರೆ ಕೊಡಬೇಡಿ.

ನೀವು ಗಮನ ಕೊಡಬೇಕಾದ್ದು ಬೇರೆ ಎರಡಿದೆ. ಭಾರತದಲ್ಲಿರುವವರ ಬ್ರಿಟಿಷ್ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದಿಲ್ಲ. ಇಲ್ಲಿದ್ದು ಮೊದಲು ಪಡೆದಾಗ, ಅಥವಾ ಪಡೆಯುತ್ತಾ ಬ್ರಿಟನ್ ಬಿಟ್ಟಾಗ, ಎಷ್ಟಿತ್ತೋ ಅಷ್ಟಕ್ಕೇ ನಿಂತಿರುತ್ತದೆ. ಮತ್ತೆ ಅಲ್ಲಿಗೇ ಹೋಗಿ ನೆಲೆಸಿದರೆ ಆವತ್ತಿನ ದರ ಸಿಗುತ್ತದೆ. ಸ್ವಲ್ಪ ದಿನಕ್ಕೆ ಹೋದರೂ ಅಲ್ಲಿದ್ದಷ್ಟು ದಿನಕ್ಕೆ ಏರಿದ ದರ ಕೇಳಬಹುದು. ಹೋಗುವಾಗ ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರಿಗೆ (ವಿದೇಶದಲ್ಲಿರುವವರ ಬ್ರಿಟಿಷ್ ಪಿಂಚಣಿ ನೋಡಿಕೊಳ್ಳುವ ಕಚೇರಿ) ತಿಳಿಸಿ.

ಇನ್ನೊಂದು, ಲೈಫ್ ಸರ್ಟಿಫಿಕೇಟ್. ನೀವು ಬದುಕಿದ್ದೀರಿ ಅಂತ ಖಾತ್ರಿ ಮಾಡಿಕೊಳ್ಳಲು ಅದೇ ಕಚೇರಿ ಆಗಾಗ ಅಂಚೆಯಲ್ಲಿ ಫಾರಂ ಕಳಿಸುತ್ತದೆ. ಸಾಕ್ಷಿಯ ಸಹಿ ಹಾಕಿಸಿ ಗಡುವಿನೊಳಗೆ ವಾಪಸ್ ಕಳಿಸದಿದ್ದರೆ ಪಿಂಚಣಿ ತಡೆಹಿಡಿಯಬಹುದು. ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ಅದು ಹೋಗಿ ಬಿದ್ದಿರುತ್ತದೆ. ವಿಳಾಸ ಬದಲಾದ ವಾರವೇ ಅವರಿಗೆ ಪತ್ರ ಬರೆಯಿರಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಅದರಲ್ಲಿ ಇರಲೇಬೇಕು.