ಮದುಮಗಳಿಗೆ ಸೀರೆ ಉಡಿಸಿದ್ದು ಯಾರು?

ಸಿನಿಮಾದಲ್ಲಿ ಮದುವೆ ಸೀನ್ ಇದೆ ಅಂದರೆ ಕಾಸ್ಟ್ಯೂಮ್‌ನವರಿಗೆ ಬರುವ ಮೊದಲ ಮಾತು ಒಂದೇ: "ಗ್ರ್ಯಾಂಡಾಗಿರಬೇಕು ಮೇಡಂ." ಹುಡುಗಿ ಯಾವ ಊರಿನವಳು, ಅಪ್ಪನಿಗೆ ಏನು ಕೆಲಸ, ಈ ಮದುವೆ ಅವಳಿಗೆ ಇಷ್ಟ ಇದೆಯಾ ಇಲ್ವಾ, ಇದೆಲ್ಲ ಆಮೇಲೆ. ನಾನು ಕನ್ನಡದ ಲವ್ ಸ್ಟೋರಿಗಳಿಗೆ ಬಟ್ಟೆ ಮಾಡಿಕೊಂಡು ಬಂದವಳು. ಸ್ಕ್ರಿಪ್ಟ್ ಓದಿದ ಮೇಲೆ ನಾನು ಕೇಳುವ ಪ್ರಶ್ನೆ ಬೇರೆ. ಈ ಹುಡುಗಿಗೆ ಸೀರೆ ಉಡಿಸಿದ್ದು ಯಾರು? ಅಮ್ಮನಾ, ಅತ್ತಿಗೆನಾ, ಪಾರ್ಲರಿನವರಾ, ಅವಳೇ ಉಟ್ಟುಕೊಂಡಳಾ? ಸೀರೆಗೆ ದುಡ್ಡು ಕೊಟ್ಟಿದ್ದು ಯಾರು? ಇದು ಗೊತ್ತಾದರೆ ಚಿಕ್ಕಪೇಟೆಗೆ ಹೋಗಿ ಸೀರೆ ಆರಿಸುವುದು ಕಷ್ಟವಲ್ಲ. ಗೊತ್ತಾಗದಿದ್ದರೆ ಎಷ್ಟು ಅಂಗಡಿ ಹತ್ತಿಳಿದರೂ ಕೈಗೆ ಬರುವುದು ಬರೀ ಜರಿ.

ಒಂದು ಸಿನಿಮಾದ ಕೆಲಸವನ್ನೇ ಹೇಳುತ್ತೇನೆ. ಮದ್ದೂರು ಕಡೆಯ ರೈತರ ಮನೆ ಹುಡುಗಿ. ಪ್ರೀತಿಯ ವಿಷಯ ಮನೆಯಲ್ಲಿ ಗೊತ್ತಾಗಿ ಅವಸರದಲ್ಲಿ ಬೇರೆ ಕಡೆ ಮದುವೆ ಗೊತ್ತು ಮಾಡುತ್ತಾರೆ. ಇಂಟರ್‌ವಲ್ ಹೊತ್ತಿಗೆ ಧಾರೆ ಮಂಟಪದಿಂದ ಎದ್ದು ಬರುತ್ತಾಳೆ. ಕೊನೆಗೆ ಪ್ರೀತಿಸಿದವನ ಜೊತೆ ದೇವಸ್ಥಾನದಲ್ಲಿ ಮದುವೆ. ಅಂದರೆ ಒಬ್ಬಳೇ ನಟಿ, ಎರಡು ಸಲ ಮದುಮಗಳು. ಎರಡನೆಯದರಲ್ಲಿ ಅವಳು ಇನ್ನೂ ಚೆನ್ನಾಗಿ ಕಾಣಬೇಕು ಅನ್ನುವುದು ನಿರ್ಮಾಪಕರ ಆಸೆ. ನನ್ನ ಲೆಕ್ಕ ಉಲ್ಟಾ ಇತ್ತು. ಮೊದಲನೆಯದರಲ್ಲಿ ಒಡವೆ, ಹೂವು, ಜರಿ ಎಲ್ಲ ಇರಲಿ, ಆದರೆ ಒಂದೂ ಅವಳದು ಅನ್ನಿಸಬಾರದು. ಎರಡನೆಯದರಲ್ಲಿ ಹೆಚ್ಚೇನೂ ಬೇಡ, ಇರುವುದೆಲ್ಲ ಅವಳದೇ ಆಗಿರಲಿ.

ಅವಸರದ ಮದುವೆಯನ್ನು ಬಟ್ಟೆಯಲ್ಲಿ ತೋರಿಸುವುದಕ್ಕೆ ಬ್ಲೌಸಿಗಿಂತ ಒಳ್ಳೆಯ ದಾರಿ ಇಲ್ಲ. ಸೀರೆಯನ್ನು ಒಂದೇ ದಿನದಲ್ಲಿ ತರಬಹುದು. ಬ್ಲೌಸಿಗೆ ಅಳತೆ ಕೊಡಬೇಕು, ಹೊಲಿಯಬೇಕು, ಹಾಕಿ ನೋಡಿ ಬಿಗಿ ಮಾಡಿಸಬೇಕು. ನಾವು ಭುಜದ ಹತ್ತಿರ ಸ್ವಲ್ಪ ದೊಗಳೆ ಬಿಟ್ಟೆವು. ಒಳಗಿನಿಂದ ಪಿನ್ ಹಾಕಿ ಹಿಡಿದಂತೆ ಕಾಣಬೇಕು, ಆದರೆ ಪಿನ್ ಕಾಣಬಾರದು. ಇನ್ನೊಂದು ಮೆಹೆಂದಿ. ತೊಳೆದ ತಕ್ಷಣ ಅದು ಕಿತ್ತಳೆ ಬಣ್ಣ ಇರುತ್ತದೆ, ಗಾಢ ಕೆಂಪಾಗಲು ಒಂದೆರಡು ದಿನ ಬೇಕು. ನಮ್ಮ ಹುಡುಗಿಯ ಕೈ ಕಿತ್ತಳೆಯಲ್ಲೇ ಇತ್ತು. ಮೇಕಪ್‌ನವರು ಬಣ್ಣ ಗಾಢ ಮಾಡಿಕೊಡ್ತೀವಿ ಅಂದರು, ಬೇಡ ಅಂದೆ. ಥಿಯೇಟರಿನಲ್ಲಿ ಗಂಡಸರು ಎಷ್ಟು ಗಮನಿಸಿದರೋ ಗೊತ್ತಿಲ್ಲ. ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಸೀರೆಯ ಬಣ್ಣಕ್ಕೆ ದೊಡ್ಡ ಚರ್ಚೆಯೇ ಆಯಿತು. ಹಳೆ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಧಾರೆಗೆ ಬಿಳಿ ಇಲ್ಲವೇ ಕೆನೆ ಬಣ್ಣದ, ಜರಿ ಅಂಚಿನ ಸೀರೆ ಉಡಿಸುತ್ತಾರೆ. ಡೈರೆಕ್ಟರ್ ಆ ಕಡೆಯವರಲ್ಲ. "ಬಿಳಿ ಸೀರೆ ಅಂದ್ರೆ ಜನ ವಿಧವೆ ಅಂದ್ಕೊಳ್ಳಲ್ವಾ ಮೇಡಂ? ಕೆಂಪು ಹಾಕಿ" ಅಂದರು. ಅನುಮಾನ ಪೂರ್ತಿ ಸುಳ್ಳೇನಲ್ಲ. ಸಿನಿಮಾದಲ್ಲಿ ಬಿಳಿ ಸೀರೆಗೆ ಆ ಅರ್ಥ ಎಷ್ಟೋ ವರ್ಷದಿಂದ ಅಂಟಿಕೊಂಡಿದೆ. ಲೊಕೇಶನ್ ನೋಡಲು ಹೋದಾಗ ಆ ಊರಿನ ಒಬ್ಬ ಅಜ್ಜಿಯನ್ನೇ ಕೇಳಿದೆವು. "ಅಯ್ಯೋ, ಧಾರೆ ಸೀರೆಗೂ ಅದ್ಕೂ ಏನವ್ವ ಸಂಬಂಧ? ಮೂಲೆಗೆ ಅರಿಶಿನ ಹಚ್ಚಿರಲ್ವಾ?" ಅಂದರು. ಅಷ್ಟೇ ಸಾಕಾಯಿತು. ಹೊಸ ಬಟ್ಟೆ ಉಡುವ ಮುಂಚೆ ಮೂಲೆಗೆ ಅರಿಶಿನ ಹಚ್ಚುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವುದೇ. ಸೀರೆ ಬಿಚ್ಚಿ, ಅಮ್ಮ ಬೆರಳಲ್ಲಿ ಅರಿಶಿನ ಅದ್ದಿ ಮೂಲೆಗೆ ಒತ್ತುವ ಒಂದು ಕ್ಲೋಸಪ್ ಸೇರಿಸಿದೆವು. ಬಿಳಿ ಏನು ಹೇಳುತ್ತಿದೆ ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು. ಆ ಶಾಟಿನಲ್ಲಿ ಸೀರೆಯ ಮಡಿಕೆ ಗೆರೆಗಳನ್ನೂ ಹಾಗೇ ಬಿಟ್ಟಿದ್ದೆ, ಇಸ್ತ್ರಿ ಮಾಡಿಸಲಿಲ್ಲ. ಈಗಷ್ಟೇ ಡಬ್ಬದಿಂದ ತೆಗೆದ ಸೀರೆ. ಅವಳು ಅದನ್ನು ಒಮ್ಮೆಯೂ ಮೈಮೇಲೆ ಹಾಕಿಕೊಂಡು ನೋಡಿಲ್ಲ.

ಇನ್ನು ಕ್ಯಾಮೆರಾದ ಕಾಟ. ಅಚ್ಚ ಬಿಳಿ ಬಟ್ಟೆ ಲೈಟಿನ ಕೆಳಗೆ ಹೊಳೆದುಬಿಡುತ್ತದೆ, ನೆರಿಗೆ, ನೇಯ್ಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಹಳೆಯ ಉಪಾಯ ಟೀ ಡಿಕಾಕ್ಷನ್. ಹತ್ತಿಯಾದರೆ ಅದ್ದಿ ತೆಗೆಯಬಹುದು. ರೇಷ್ಮೆಗೆ, ಅದರಲ್ಲೂ ಜರಿ ಇದ್ದರೆ, ನನಗೆ ಧೈರ್ಯ ಬರುವುದಿಲ್ಲ. ಮೊದಲೇ ಕೆನೆ ಬಣ್ಣದ್ದು ತರುವುದು ವಾಸಿ. ಸಣ್ಣ ಸಣ್ಣ ಗೆರೆ, ಚೌಕಳಿ ಇರುವ ಸೀರೆಯೂ ತೊಂದರೆಯೇ. ಡಿಜಿಟಲ್ ಕ್ಯಾಮೆರಾದಲ್ಲಿ ಆ ಗೆರೆಗಳು ಅಲೆಅಲೆಯಾಗಿ ಕುಣಿಯುತ್ತವೆ. ಕಡುಗೆಂಪು ಹರಡಿಕೊಂಡು ಒಂದೇ ಮುದ್ದೆಯಾಗಿ ಕಾಣುತ್ತದೆ, ಹಾಗಾಗಿ ಕೆಂಪು ಬೇಕೇ ಬೇಕು ಅಂದರೆ ನಾನು ಅರಗಿನ ಬಣ್ಣಕ್ಕೆ ಹೋಗುತ್ತೇನೆ. ಅದಕ್ಕೂ ಮೊದಲು ಆರ್ಟ್ ಡೈರೆಕ್ಟರ್ ಹತ್ತಿರ ಮಂಟಪಕ್ಕೆ ಯಾವ ಹೂವು ಅಂತ ಕೇಳಬೇಕು. ಕೆಂಪು ಗುಲಾಬಿ, ಚೆಂಡುಹೂವಿನ ಗೋಡೆ ಮುಂದೆ ಕೆಂಪು ಸೀರೆಯ ಮದುಮಗಳನ್ನು ಕೂರಿಸಿದರೆ ಅವಳನ್ನು ಹುಡುಕಬೇಕಾಗುತ್ತದೆ. ಜೂನಿಯರ್ ಆರ್ಟಿಸ್ಟ್‌ಗಳು ತಮ್ಮದೇ ಸೀರೆ ಉಟ್ಟು ಬರುತ್ತಾರಲ್ಲ, ಅವರಿಗೂ ಹಿಂದಿನ ದಿನವೇ ಹೇಳಿ ಕಳಿಸಬೇಕು: ಕೆನೆ ಬಣ್ಣ ಬೇಡ, ಬಿಳಿ ಬೇಡ.

ಒಡವೆ ವಿಷಯದಲ್ಲಿ ನನಗೂ ನಿರ್ಮಾಪಕರಿಗೂ ಯಾವಾಗಲೂ ಎಳೆದಾಟ. ಬಾಡಿಗೆ ಸೆಟ್ಟಿನಲ್ಲಿ ಎಷ್ಟಿದೆಯೋ ಅಷ್ಟನ್ನೂ ಹಾಕಿಸಬೇಕು ಅನ್ನುತ್ತಾರೆ. ಈಗ ನಿಜವಾದ ಮದುವೆಗಳಿಗೂ ಬಾಡಿಗೆ ಸೆಟ್ ತರುತ್ತಾರೆ, ಆದ್ದರಿಂದ ತಪ್ಪು ಅನ್ನಲಾರೆ. ಆದರೆ ಯಾವುದು ಮನೆಯದು, ಯಾವುದು ಬಾಡಿಗೆಯದು ಅಂತ ಗೊತ್ತಾಗುವ ಹಾಗಿದ್ದರೆ ಕಥೆಗೆ ಲಾಭ. ಇವಳಿಗೆ ಸೊಂಟದ ಡಾಬು, ಉದ್ದ ಹಾರ ಎಲ್ಲ ಹೊಳೆಯುವಂಥದು ಹಾಕಿದೆವು. ಕಿವಿಗೆ ಮಾತ್ರ ಅವಳು ಕಾಲೇಜಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಸಣ್ಣ ಓಲೆ. ದೊಡ್ಡ ಜುಮುಕಿ ಹಾಕಿಸಿಕೊಳ್ಳಲು ಒಪ್ಪಲಿಲ್ಲ ಅಂತ ಡೈಲಾಗ್ ಬರೆಯುವ ಅಗತ್ಯ ಬೀಳಲಿಲ್ಲ. ಕೊನೆಯ ಮದುವೆಯಲ್ಲೂ ಅದೇ ಓಲೆ ಇದೆ.

ಹಸಿರು ಗಾಜಿನ ಬಳೆ ಇನ್ನೊಂದು ತಲೆನೋವು. ಸಿಂಕ್ ಸೌಂಡ್ ಇದ್ದರೆ, ಅಂದರೆ ಮಾತನ್ನು ಶೂಟಿಂಗ್ ಹೊತ್ತಿನಲ್ಲೇ ರೆಕಾರ್ಡ್ ಮಾಡುತ್ತಿದ್ದರೆ, ಪ್ರತಿ ಮಾತಿನ ಮೇಲೂ ಬಳೆ ಸದ್ದು ಕೂರುತ್ತದೆ, ಸೌಂಡಿನವರು ಸಿಟ್ಟಾಗುತ್ತಾರೆ. ಬಳೆಗಳನ್ನು ಒಳಗಡೆ ಪಾರದರ್ಶಕ ಟೇಪಿನಿಂದ ಒಂದಕ್ಕೊಂದು ಅಂಟಿಸುತ್ತೇವೆ. ಎದ್ದು ಹೋಗುವ ಶಾಟಿಗೆ ಮಾತ್ರ ಟೇಪ್ ಕಿತ್ತುಬಿಟ್ಟೆವು. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಕೈ ಮೊದಲ ಸಲ ಸದ್ದು ಮಾಡಿತು. ಇದು ನನ್ನ ಯೋಚನೆ ಅಲ್ಲ, ಸೌಂಡಿನ ಹುಡುಗನದು.

ಹೂವಿನ ಬಗ್ಗೆ ಜನ ಕೇಳುತ್ತಿರುತ್ತಾರೆ, ನಿಜವಾದದ್ದಾ ಅಂತ. ಮದುವೆ ಸೀನ್‌ಗಳನ್ನು ನಾವು ಹೆಚ್ಚಾಗಿ ಆಷಾಢದಲ್ಲೇ ಚಿತ್ರೀಕರಿಸುತ್ತೇವೆ. ಆಗ ಮದುವೆಗಳಿರುವುದಿಲ್ಲ, ಚೌಲ್ಟ್ರಿ ಖಾಲಿ, ಬಾಡಿಗೆ ಕಡಿಮೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ರೇಟೂ ಇಳಿದಿರುತ್ತದೆ. ಆದರೆ ಮೊಗ್ಗಿನ ಜಡೆ ಬೆಳಗ್ಗೆ ಮೊಗ್ಗಾಗಿರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಅರಳಿರುತ್ತದೆ, ಸಂಜೆ ಕಂದು. ತೆರೆಯ ಮೇಲೆ ಇದೆಲ್ಲ ಐದು ನಿಮಿಷದ ಕಥೆ. ಅದಕ್ಕೆ ದೂರದ ಶಾಟ್‌ಗಳಿಗೆ ಬಟ್ಟೆಯ ಹೂವು, ಹತ್ತಿರದ್ದಕ್ಕೆ ನಿಜವಾದದ್ದು. ಮಲ್ಲಿಗೆಗಿಂತ ಕಾಕಡ ಜಾಸ್ತಿ ಹೊತ್ತು ತಡೆಯುತ್ತದೆ, ಕನಕಾಂಬರ ಅದಕ್ಕಿಂತಲೂ. ಕೆನ್ನೆಯ ಮೇಲಿನ ದೃಷ್ಟಿ ಬೊಟ್ಟು ಎಡಕ್ಕೋ ಬಲಕ್ಕೋ ಅನ್ನುವುದನ್ನು ಪ್ರತಿ ಬ್ರೇಕಿನಲ್ಲೂ ಫೋಟೋ ತೆಗೆದು ಇಟ್ಟುಕೊಳ್ಳಬೇಕು. ಊಟ ಮುಗಿಸಿ ಬಂದ ನಟಿಯ ಮುಖದಲ್ಲಿ ಆ ಬೊಟ್ಟು ಜಾಗ ಬದಲಿಸಿರುತ್ತದೆ.

ಇನ್ನು ದೇವಸ್ಥಾನದ ಮದುವೆ. ಓಡಿಬಂದವರು ನೇರ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅದೇ ದಿನ ಹಾರ ಬದಲಾಯಿಸಿಕೊಳ್ಳುವ ಸೀನ್ ಡ್ರಾಫ್ಟಿನಲ್ಲಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು ಅಂತ ಅಸಿಸ್ಟೆಂಟ್ ಒಬ್ಬ ನೆನಪಿಸಿದ. ಹಾಗಾಗಿ ದೇವಸ್ಥಾನಕ್ಕೆ ಬದಲಾಯಿತು, ನನಗೂ ಒಳ್ಳೆಯದೇ ಆಯಿತು. ಅವಳಿಗೆ ನಾನು ಆರಿಸಿದ್ದು ಹತ್ತಿ ಸೀರೆ, ಹಸಿರು ಬಣ್ಣದ್ದು. ಮೊದಲ ಭಾಗದಲ್ಲಿ ಗೆಳತಿಯ ಮನೆಯ ಫಂಕ್ಷನ್ನಿಗೆ ಉಟ್ಟಿದ್ದೇ. ನೋಡುವವರಿಗೆ ಪರಿಚಯದ ಸೀರೆ, ಇಸ್ತ್ರಿ ಸರಿಯಾಗಿಲ್ಲ, ನೆರಿಗೆ ಮೇಲೆ ಕೆಳಗೆ. ಸಾಮಾನ್ಯವಾಗಿ ನಾವು ನೆರಿಗೆ ಹೊಲಿದು ಹುಕ್ ಹಾಕಿ ಕೊಡುತ್ತೇವೆ, ಎಷ್ಟು ಟೇಕ್ ಆದರೂ ಒಂದೇ ಥರ ಇರುತ್ತದೆ ಅಂತ. ಇಲ್ಲಿ ಹೊಲಿಯಲಿಲ್ಲ. ನಟಿಗೆ ನೀವೇ ಉಟ್ಟುಕೊಂಡು ಬನ್ನಿ ಅಂದೆ. ಅವರಿಗೆ ಅಷ್ಟೇನೂ ಚೆನ್ನಾಗಿ ಸೀರೆ ಉಡಲು ಬರುವುದಿಲ್ಲ, ನನಗೆ ಬೇಕಾಗಿದ್ದೂ ಅದೇ. ಅಲ್ಲಿ ಉಡಿಸಲು ಅಮ್ಮ ಇಲ್ಲ, ಅತ್ತಿಗೆ ಇಲ್ಲ. ಕಂಟಿನ್ಯೂಟಿ ನೋಡುವ ಹುಡುಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ತಾಳಿಗೆ ಬಂಗಾರ ಎಲ್ಲಿಂದ ಬರಬೇಕು? ಅರಿಶಿನ ಕೊಂಬು. ಹತ್ತಿ ದಾರಕ್ಕೆ ಅರಿಶಿನ ಹಚ್ಚಿ ಕೊಂಬು ಕಟ್ಟಿದರೆ ಅದೇ ತಾಳಿ, ಊರಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ. ದಾರ ಹೊಸದಾಗಿದ್ದರೆ ಕ್ಯಾಮೆರಾದಲ್ಲಿ ಪ್ಲಾಸ್ಟಿಕ್ ಹಾಗೆ ಕಾಣುತ್ತಿತ್ತು. ಅದಕ್ಕೆ ದಾರವನ್ನು ಒದ್ದೆ ಮಾಡಿ ಅರಿಶಿನದಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿದೆವು. ಕುತ್ತಿಗೆಯ ಮೇಲೆ ಹಳದಿ ಗೆರೆ ಬಿತ್ತು. ಮೇಕಪ್‌ನವರು ಒರೆಸಲು ಬಂದರು, ಕ್ಯಾಮೆರಾಮನ್ ತಡೆದರು. ನಿಜವಾದ ಗಂಟು ಹಾಕುವುದು ಬೇಡ ಅಂತ ನಟಿ ಮೊದಲೇ ಹೇಳಿದ್ದರು. ಸುಮಾರು ಜನ ನಟಿಯರು ಹಾಗೆ ಹೇಳುತ್ತಾರೆ, ನಾವೂ ವಾದ ಮಾಡುವುದಿಲ್ಲ. ಹಿಂದೆ ಸಣ್ಣ ಕೊಕ್ಕೆ ಇತ್ತು, ಹೀರೋ ಸುಮ್ನೆ ಬೆರಳಾಡಿಸಿದರು.

ಕೊಡಗಿನ ಕಥೆಯಾಗಿದ್ದರೆ ಈ ಲೆಕ್ಕವೆಲ್ಲ ಬೇರೆ. ಅಲ್ಲಿ ಸೀರೆಯ ನೆರಿಗೆ ಹಿಂದೆ, ತಲೆಯ ಮೇಲೆ ಕೆಂಪು ವಸ್ತ್ರ, ಕುತ್ತಿಗೆಗೆ ಜೋಮಾಲೆ, ಕೊಕ್ಕೆತಾತಿ. ಇದರಲ್ಲಿ ಅದಲು ಬದಲು ಮಾಡಲು ಹೋದರೆ ಮಡಿಕೇರಿಯಿಂದ ಫೋನ್ ಬರುತ್ತದೆ. ಮಂಗಳೂರು ಕ್ಯಾಥೊಲಿಕ್ ಮದುವೆಯಲ್ಲಿ ಬಿಳಿ ಗೌನಿನ ಜೊತೆಗೆ ಕೆಂಪು ಸಾಡೊ ಸೀರೆಯೂ ಇದೆ. ಸಿನಿಮಾದವರು ಬರೀ ಗೌನು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿ ಉಡುಪಿನಲ್ಲಿ ಮದುವೆಯಾದ ಮೇಲೆ ಹೆಸರು ಮಾಡಿದ ಫ್ಯಾಷನ್ ಅದು. ಆ ಮನೆಯ ಅಜ್ಜಿ ಎತ್ತಿಟ್ಟ ಸಾಡೊದಲ್ಲಿ ಅದಕ್ಕಿಂತ ಹೆಚ್ಚಿನ ಕಥೆ ಸಿಗುತ್ತದೆ.

ಈಗ ಕೈಯಲ್ಲಿರುವುದು ಧಾರವಾಡದ ಕಥೆ. ಉತ್ತರ ಕರ್ನಾಟಕದಲ್ಲಿ ಹಿಂದೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಯೂ ಇರುತ್ತಿತ್ತು. ಕಪ್ಪು ರೇಷ್ಮೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಎಲ್ಲ ದಾರದ ಎಳೆ ಎಣಿಸಿ ಹಾಕಿದ್ದು. ನಾಯಕಿಯ ಅಜ್ಜಿ ತನ್ನ ಕೈಯಾರೆ ಹಾಕಿದ ಚಂದ್ರಕಾಳಿಯನ್ನು ಅವಳಿಗೆ ಉಡಿಸಬೇಕು ಅನ್ನುವುದು ನನ್ನ ಆಸೆ. "ಮದುವಿಗಿ ಕರೀ ಸೀರಿ ಏನ್ರೀ ಮೇಡಮ್ಮಾರ?" ಅಂತ ನಿರ್ಮಾಪಕರು ಇನ್ನೂ ಒಪ್ಪಿಲ್ಲ. ಕಸೂತಿ ಹಾಕುವ ಹೆಂಗಸರ ಹತ್ತಿರ ಒಂದು ಸೆರಗಿನಷ್ಟು ಮಾದರಿ ಮಾಡಿಸಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಕ್ಯಾಮೆರಾ ಟೆಸ್ಟ್.