‘ಬ್ಲಾಕ್’ ಎಂದರೆ ಯಾವ ಬ್ಲಾಕ್?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಸೋದರತ್ತೆ ಮಾಟುಂಗಾದ ಮದುವೆಗೆ ಹೊರಡುವ ಮುನ್ನಾ ದಿನ ತಪ್ಪದೆ ಕೇಳುವ ಪ್ರಶ್ನೆ: “ನಾಳೆ ಭಾನುವಾರ, ಬ್ಲಾಕ್ ಇದೆಯೇನೋ?” ಚಾಳು (ಸಾಲುಕೋಣೆಗಳ ವಠಾರ) ಬಿಟ್ಟು ಸ್ವಂತ ಮನೆ ಮಾಡಿದ ಕಥೆ ಹೇಳುವಾಗಲೂ “ನಾವು ಬ್ಲಾಕ್‌ಗೆ ಬಂದ ವರ್ಷ” ಎನ್ನುತ್ತಾರೆ. ಪರಿಚಯದವರು ಆಸ್ಪತ್ರೆ ಸೇರಿದರೆ “ಎರಡು ಬ್ಲಾಕ್ ಇದೆಯಂತೆ ಪಾಪ” ಎಂದು ನಿಟ್ಟುಸಿರು ಬಿಡುತ್ತಾರೆ. ಮಾತಿನಲ್ಲಿ ಅತ್ತೆಗೆ ಎಂದೂ ಗೊಂದಲವಾಗಿಲ್ಲ. ಇಂಗ್ಲಿಷ್ ಕಾಗದವೊಂದನ್ನು ಕನ್ನಡಕ್ಕೆ ತರಲು ಕುಳಿತಾಗ, ಅಥವಾ ಮೊಮ್ಮಗಳು ‘ಐದು ಸಮಾನಾರ್ಥಕ ಪದ ಬರೆಯಿರಿ’ ಎಂಬ ಮನೆಗೆಲಸ ತಂದಾಗ ಮಾತ್ರ ತಲೆ ಕೆಡುತ್ತದೆ. ಆಗ ಏನು ಮಾಡಬೇಕು?

ಮೊದಲು ನಿಘಂಟನ್ನು ಮುಚ್ಚಿಡಿ. ಪದದ ಅಕ್ಕಪಕ್ಕದವರನ್ನು ನೋಡಿ. ಹಿಂದೆ ‘ಟ್ರಾಫಿಕ್’, ‘ಪವರ್’, ‘ಮೆಗಾ’ ಇದ್ದರೆ ಅದು ರೈಲಿನದು. ಪಶ್ಚಿಮ ರೈಲ್ವೆಯವರಾದರೆ ‘ಜಂಬೋ’ ಎನ್ನುತ್ತಾರೆ. ಇಲ್ಲಿ ಬ್ಲಾಕ್ ಎಂಬುದು ವಸ್ತುವೂ ಅಲ್ಲ, ಜಾಗವೂ ಅಲ್ಲ. ಹಳಿ, ತಂತಿ, ಸಿಗ್ನಲ್‌ಗಳ ದುರಸ್ತಿಗೆಂದು ಬಿಟ್ಟುಕೊಟ್ಟ ಕೆಲವು ಗಂಟೆಗಳ ಅವಧಿ ಅದು. ಹಿಂದೆ ಒಂದು ಅಕ್ಷರವಷ್ಟೇ ಇದ್ದರೆ ವಿಳಾಸ: ಬಾಂದ್ರಾ-ಕುರ್ಲಾ ಸಂಕೀರ್ಣದ ‘ಜಿ ಬ್ಲಾಕ್’ನಂತೆ. ಮುಂದೆ ಮರ, ಕಲ್ಲು, ಮಂಜುಗಡ್ಡೆ ಬಂದರೆ ಕೈಯಲ್ಲಿ ಮುಟ್ಟಬಹುದಾದ ಗಟ್ಟಿ ತುಂಡು. ಚಾಳು ಬಿಟ್ಟು ಅತ್ತೆ ಸೇರಿದ ‘ಬ್ಲಾಕ್’ ಮಾತ್ರ ಇಂಗ್ಲಿಷ್ ನಿಘಂಟಿನಲ್ಲಿ ಆ ಅರ್ಥದಲ್ಲಿ ಸಿಗುವುದು ಕಷ್ಟ. ಒಳಗೇ ಬಚ್ಚಲು, ಪಾಯಿಖಾನೆ ಇರುವ ಮನೆ ಎಂಬ ಅರ್ಥ ಇಲ್ಲಿಯ ಮರಾಠಿ ಮಧ್ಯಮವರ್ಗದ್ದು, ಅವರಿಂದ ನಮಗೆ ಬಂದದ್ದು. ಇಡೀ ಚಾಳಿಗೆ ಹಂಚಿಕೆಯ ನಲ್ಲಿಯಿದ್ದ ಕಾಲದಲ್ಲಿ ಆ ಪದಕ್ಕೆ ಎಷ್ಟು ತೂಕವಿತ್ತು ಎಂಬುದು ಸಾಲಿನಲ್ಲಿ ನಿಂತವರಿಗೇ ಗೊತ್ತು.

ಈಗ ನಿಘಂಟು ತೆರೆಯಿರಿ, ಆದರೆ ಅರ್ಥಕ್ಕಲ್ಲ, ಬೇರಿಗೆ. ಮಧ್ಯಕಾಲೀನ ಡಚ್ ಭಾಷೆಯಲ್ಲಿ ‘ಬ್ಲೋಕ್’ ಎಂದರೆ ಮರದ ಕಾಂಡ, ದಿಮ್ಮಿ. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ದಿಮ್ಮಿಯ ಮೇಲೆ ಮಾಂಸ ಕಡಿದರೆ ಕಟುಕನ ಬ್ಲಾಕ್. ಅದರಲ್ಲಿ ಹೂಬಳ್ಳಿ ಕೆತ್ತಿ ಬಣ್ಣದಲ್ಲಿ ಅದ್ದಿದರೆ ಬಟ್ಟೆಗೆ ಒತ್ತುವ ಅಚ್ಚು. ದಾರಿಗೆ ಅಡ್ಡ ಉರುಳಿಸಿದರೆ ತಡೆ. ಹೀಗೆ ನೋಡಿದರೆ ಹತ್ತು ಅರ್ಥಗಳನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ. (ಪತ್ರಿಕೆಯವರಾದ ನಮಗೂ ಇದರ ಋಣವಿದೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಚಿತ್ರಗಳಿಗೆ ಸತುವಿನ ತಗಡನ್ನು ಮರದ ಮೇಲೆ ಕೂರಿಸಿ ‘ಬ್ಲಾಕ್ ಮಾಡಿಸುತ್ತಿದ್ದರು’.)

ಸಮಾನಾರ್ಥಕ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಪಟ್ಟಿಯಲ್ಲಿರುವ ಒಂದೊಂದನ್ನೂ ವಾಕ್ಯದಲ್ಲಿ ಕೂರಿಸಿ ನೋಡಿ. ತಡೆ ಎಂಬ ಅರ್ಥಕ್ಕೆ ಸಿಗುವ ‘ಹರ್ಡಲ್’ ಮೊದಲಿಗೆ ಕುರಿಗಳನ್ನು ಕೂಡಲು ಹೆಣೆದ ತಡಿಕೆ, ಹಾರಿ ದಾಟಬಹುದು. ‘ಆಬ್ಸ್ಟಕಲ್’ ಎದುರು ನಿಂತದ್ದು, ಬಳಸಿ ಹೋಗಬಹುದು. ‘ಬ್ಲಾಕೇಜ್’ ಕೊಳವೆಯೊಳಗೆ ಕಟ್ಟಿಕೊಂಡದ್ದು. ಅಡುಗೆಮನೆಯ ಸಿಂಕಿಗೆ ಸರಿ. ‘ಬ್ಲಾಕೇಡ್’ ಬೇಕೆಂದೇ ಹಾಕಿದ ದಿಗ್ಬಂಧನ, ಬಂದರಿಗೆ ಹಡಗು ಬಾರದಂತೆ ಮಾಡುವುದು. ಸಿಂಕಿನಲ್ಲಿ ಬ್ಲಾಕೇಡ್ ಆಗಿದೆ ಎಂದರೆ ಪ್ಲಂಬರ್ ಬದಲು ನೌಕಾಪಡೆಯನ್ನು ಕರೆಸಬೇಕಾದೀತು. ತುಂಡು ಎಂಬ ಅರ್ಥಕ್ಕೆ ‘ಚಂಕ್’, ‘ಸ್ಲ್ಯಾಬ್’ ಇವೆ. ಮೊದಲನೆಯದು ಒರಟು ಗಟ್ಟಿ, ಎರಡನೆಯದು ಚಪ್ಪಡಿ.

ವೈದ್ಯರ ಕಾಗದವಾದರೆ ಇನ್ನೂ ಎಚ್ಚರ ಬೇಕು. ಒಮ್ಮೆ ಮಾವನ ಇಸಿಜಿ ವರದಿಯಲ್ಲಿ ‘ಫಸ್ಟ್ ಡಿಗ್ರಿ ಹಾರ್ಟ್ ಬ್ಲಾಕ್’ ಎಂದಿತ್ತು. ಮನೆಯಲ್ಲಿ ಸ್ಟೆಂಟಿಗೆ ಹಣ ಹೊಂದಿಸುವ ಮಾತು ಶುರುವಾಯಿತು. ಅತ್ತೆ ಬಳೆ ಬಿಚ್ಚಿಟ್ಟರು. ವೈದ್ಯರು ನಕ್ಕು ಬಿಡಿಸಿ ಹೇಳಿದರು. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು ಬ್ಲಾಕೇಜ್. ನಾವು ಮಾತಿನಲ್ಲಿ ಅದನ್ನೇ ‘ಬ್ಲಾಕ್’ ಎನ್ನುತ್ತೇವೆ. ವರದಿಯ ‘ಹಾರ್ಟ್ ಬ್ಲಾಕ್’ ಬೇರೆ: ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯುವ ವಿದ್ಯುತ್ ಸಂಕೇತ ತಡವಾಗುವುದು ಅಥವಾ ತಲುಪದಿರುವುದು. ಮೊದಲ ದರ್ಜೆಯದು ಬರೀ ವಿಳಂಬ, ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗುವುದಿಲ್ಲ. ಮೂರನೆಯ ದರ್ಜೆಯದಕ್ಕೆ ಪೇಸ್‌ಮೇಕರ್ ಬೇಕಾಗಬಹುದು. ಒಂದು ಕೊಳಾಯಿಯ ತೊಂದರೆ, ಇನ್ನೊಂದು ವೈರಿಂಗಿನದು. ಇಂಥ ಕಡೆ ನಿಘಂಟು ಸಾಲದು, ಬರೆದವರನ್ನೇ ಕೇಳಬೇಕು.

ಕೊನೆಗೆ ಕನ್ನಡ ಪದದ ಆಯ್ಕೆ. ಆಡಳಿತದ ‘ಬ್ಲಾಕ್’, ಅಂದರೆ ಜಿಲ್ಲೆಯೊಳಗಿನ ಅಭಿವೃದ್ಧಿ ಘಟಕ, ನಮ್ಮಲ್ಲಿ ನೆಲೆಯೂರಿದ್ದು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯಿಂದ. ಮಹಾರಾಷ್ಟ್ರದ ಕಚೇರಿಯ ಫಲಕದಲ್ಲಿ ಅದು ‘ಗಟ’, ಅಂದರೆ ಗುಂಪು: ಗಟ ವಿಕಾಸ ಅಧಿಕಾರಿ. ಕರ್ನಾಟಕದ ಶಿಕ್ಷಣ ಇಲಾಖೆಯಲ್ಲಿ ಅದೇ ‘ಕ್ಷೇತ್ರ’: ಕ್ಷೇತ್ರ ಶಿಕ್ಷಣಾಧಿಕಾರಿ. ಒಬ್ಬರು ಹಳ್ಳಿಗಳ ಗುಂಪನ್ನು ಕಂಡರು, ಇನ್ನೊಬ್ಬರು ನೆಲವನ್ನು. ನನ್ನ ಮತ ಕೇಳಿದರೆ ಇಬ್ಬರೂ ಸರಿ. ‘ಮೆಗಾ ಬ್ಲಾಕ್’ ಅನ್ನು ಮಾತ್ರ ಹಾಗೆಯೇ ಬಿಡಿ. ‘ಬೃಹತ್ ಸಂಚಾರ ನಿರೋಧ’ ಎಂದು ಬರೆದರೆ ಅತ್ತೆ ಅದನ್ನು ಯಾವುದೋ ಪಕ್ಷದ ಚಳವಳಿ ಎಂದುಕೊಂಡು ಟ್ಯಾಕ್ಸಿ ಹಿಡಿಯುತ್ತಾರೆ.

ಕನ್ನಡ ಲಿಪಿಯ ಒಂದು ತೊಡಕನ್ನೂ ಗಮನಿಸಿ. ದೇಶಗಳ ಕೂಟವನ್ನು ಹೇಳುವ ‘ಬ್ಲಾಕ್’ಗೆ ಇಂಗ್ಲಿಷಿನಲ್ಲಿ ಕೊನೆಯ ‘ಕೆ’ ಅಕ್ಷರವಿಲ್ಲ, ಕನ್ನಡದಲ್ಲಿ ಅದು ಗೊತ್ತಾಗುವುದಿಲ್ಲ. ಕಪ್ಪು ಬಣ್ಣದ್ದನ್ನು ಒತ್ತು ಕೊಟ್ಟು ‘ಬ್ಲ್ಯಾಕ್’ ಎಂದು ಬರೆಯಬೇಕು. ನಮ್ಮಲ್ಲೇ ಎಷ್ಟೋ ಜನ ಬರೆಯುವುದಿಲ್ಲ. ಹಾಗಾಗಿ ‘ಬ್ಲಾಕ್ ಟಿಕೆಟ್’ ಎಂದು ಎಲ್ಲಾದರೂ ಕಂಡರೆ, ಅದು ಕಾಯ್ದಿರಿಸಿದ್ದೋ ಚಿತ್ರಮಂದಿರದ ಮೂಲೆಯಲ್ಲಿ ದುಪ್ಪಟ್ಟು ಬೆಲೆಗೆ ಮಾರಿದ್ದೋ, ಮೂಲ ಕಾಗದ ತೆಗೆದು ನೋಡಿ.