ಆ ಕಡೆ ಹೋಗಬೇಕಿದ್ದ ರೀಲು

ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ವೈರ್ ಮುಗಿದ ಖಾಲಿ ರೀಲುಗಳನ್ನು ಮೂಲೆಗೆ ಎಸೆದಿರುತ್ತಾರಲ್ಲ, ಅಂಥದ್ದೊಂದನ್ನು ಕೇಳಿ ತಂದಿದ್ದೆ. ಎರಡೂ ಬದಿಯ ತಟ್ಟೆಗಳ ಅಡ್ಡಳತೆ 12 ಸೆಂ.ಮೀ., ದಾರ ಸುತ್ತುವ ನಡುಭಾಗದ್ದು 6. ಪ್ರಥಮ ಪಿಯುಸಿಗೆ ಉರುಳುವ ವಸ್ತುಗಳ ಪಾಠ ಶುರು ಮಾಡುವ ದಿನ. ರೀಲಿಗೆ ದಾರ ಸುತ್ತಿ, ತುದಿ ಅಡಿಯಿಂದ ಹೊರಗೆ ಬರುವ ಹಾಗೆ ಮೇಜಿನ ಮೇಲಿಟ್ಟೆ.

"ಈಗ ದಾರವನ್ನ ನನ್ನ ಕಡೆ ಎಳೀತೀನಿ. ರೀಲು ಯಾವ ಕಡೆ ಹೋಗುತ್ತೆ?"

ಮಕ್ಕಳು ಎರಡು ಪಂಗಡವಾದರು. ನಾನು ಸುಮ್ನೆ ಇರಬಹುದಿತ್ತು. ದಾರ ಬಿಚ್ಚಿಕೊಳ್ಳುತ್ತೆ, ರೀಲು ಆ ಕಡೆ ಹೋಗುತ್ತೆ ಅಂತ ಹೇಳಿ, ಬೋರ್ಡಿನ ಮೇಲೆ ಬಾಣವನ್ನೂ ಎಳೆದೆ. ಆಮೇಲೆ ಮೆಲ್ಲಗೆ ದಾರ ಎಳೆದೆ. ರೀಲು ದಾರ ಸುತ್ತಿಕೊಳ್ಳುತ್ತಾ ನೆಟ್ಟಗೆ ನನ್ನ ಕಡೆಗೇ ಬಂತು.

"ಮೇಡಂ, ಬಾಣ ಅಳಿಸ್ಲಾ?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

ಅವತ್ತು ಸಂಜೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಕೂತು ಹತ್ತಾರು ಸಲ ಎಳೆದು ನೋಡಿದೆ. ಕೈ 30 ಸೆಂ.ಮೀ. ಹಿಂದೆ ಸರಿದರೆ ರೀಲು 60 ಸೆಂ.ಮೀ. ಬರುತ್ತದೆ! ಕೈಯನ್ನೇ ಅಟ್ಟಿಸಿಕೊಂಡು ಬಂದು ಬೆರಳಿಗೆ ತಾಗುತ್ತದೆ. ನಡುಭಾಗದ ಅಡಿ ನೆಲದಿಂದ ರೀಲಿನ ನಡುಬಿಂದುವಿನ ಅರ್ಧ ಎತ್ತರದಲ್ಲಿದೆ, ಹಾಗಾಗಿ ಅದರ ವೇಗ ರೀಲಿನ ನಡುಬಿಂದುವಿನ ವೇಗದ ಅರ್ಧ. ದಾರ ಅಲ್ಲಿಂದಲೇ ಹೊರಡುವುದು. ಉಳಿದ 30 ಸೆಂ.ಮೀ. ದಾರ ರೀಲಿಗೆ ಸುತ್ತಿಕೊಂಡಿರುತ್ತದೆ.

ನನ್ನ ತಪ್ಪು ಎಲ್ಲಿತ್ತು? ಟಾರ್ಕನ್ನು, ಅಂದರೆ ಒಂದು ಬಲ ವಸ್ತುವನ್ನು ಎಷ್ಟು ತಿರುಗಿಸುತ್ತದೆ ಅನ್ನುವ ಅಳತೆಯನ್ನು, ನಡುಬಿಂದುವಿನ ಸುತ್ತ ಲೆಕ್ಕ ಹಾಕಿದ್ದೆ. ಅಲ್ಲಿಂದ ನೋಡಿದರೆ ದಾರದ ಎಳೆತ ರೀಲನ್ನು ಬಿಚ್ಚುವ ಕಡೆಗೇ ತಿರುಗಿಸುತ್ತದೆ. ಅದು ಸುಳ್ಳಲ್ಲ. ಆದರೆ ಮೇಜಿನ ಘರ್ಷಣೆ ತಟ್ಟೆಯ ಅಂಚನ್ನು ಹಿಡಿದು ಎದುರು ದಿಕ್ಕಿಗೆ ತಿರುಗಿಸುತ್ತಿತ್ತು. ದಾರಕ್ಕೆ ಸಿಕ್ಕಿದ್ದು 3 ಸೆಂ.ಮೀ. ದೂರ, ಘರ್ಷಣೆಗೆ 6. ನಾನು ಅದನ್ನು ಮರೆತೇಬಿಟ್ಟಿದ್ದೆ. ಮರೆಯದಿದ್ದರೂ ಘರ್ಷಣೆ ಎಷ್ಟು ಅಂತ ಮೊದಲೇ ತಿಳಿದಿರುವುದಿಲ್ಲ. ಇನ್ನೊಂದು ಸಮೀಕರಣ ಬರೆದು ಬಿಡಿಸಬೇಕು.

ನೆಲಕ್ಕೆ ತಾಗುವ ಬಿಂದುವಿನ ಸುತ್ತ ಟಾರ್ಕ್ ತೆಗೆದುಕೊಂಡರೆ ಈ ರಗಳೆಯೇ ಇಲ್ಲ. ಘರ್ಷಣೆ ಆ ಬಿಂದುವಿನಲ್ಲೇ ಇದೆ, ಅದರ ಟಾರ್ಕ್ ಸೊನ್ನೆ. ರೀಲಿನ ತೂಕ, ನೆಲ ಮೇಲಕ್ಕೆ ಒತ್ತುವ ಬಲ, ಎರಡೂ ಅದೇ ಬಿಂದುವಿನ ಮೇಲೆ ಹಾಯುತ್ತವೆ. ಉಳಿಯುವುದು ದಾರ ಒಂದೇ. ದಾರದ ಗೆರೆ ಆ ಬಿಂದುವಿಗಿಂತ ಮೇಲಿದೆ, ಆದ್ದರಿಂದ ರೀಲು ನಮ್ಮ ಕಡೆ ಉರುಳಲೇಬೇಕು. ಎರಡು ಸಾಲಿನ ಲೆಕ್ಕ.

ದಾರವನ್ನು ಓರೆಯಾಗಿ ಮೇಲಕ್ಕೆ ಎತ್ತಿ ಎಳೆದರೆ? ಗೆರೆಯನ್ನು ಹಿಂದಕ್ಕೆ ಬೆಳೆಸಿದಾಗ ಅದು ಸರಿಯಾಗಿ ತಾಗುವ ಬಿಂದುವಿಗೇ ಬರುವ ಒಂದು ಕೋನ ಇರುತ್ತದೆ. ನನ್ನ ರೀಲಿನಲ್ಲಿ ಒಳ ಅಳತೆ ಹೊರಗಿನದರ ಅರ್ಧ, ಹಾಗಾಗಿ 60 ಡಿಗ್ರಿ. ಮರುದಿನ ಬೋರ್ಡಿನ ದೊಡ್ಡ ಕೋನಮಾಪಕವನ್ನು ಮೇಜಿನ ಅಂಚಿಗೆ ನಿಲ್ಲಿಸಿ ಮಕ್ಕಳ ಕೈಯಲ್ಲೇ ಎಳೆಸಿದೆ. 60ರ ಹತ್ತಿರ ರೀಲು ಜಪ್ಪಯ್ಯ ಅಂದರೂ ಉರುಳಲಿಲ್ಲ. ಜೋರಾಗಿ ಎಳೆದಾಗ ತಿರುಗದೆ ಹಾಗೇ ಜಾರಿತು. ಇನ್ನೂ ಕಡಿದಾಗಿ ಎತ್ತಿದರೆ ದಾರ ಬಿಚ್ಚಿಕೊಂಡು ಆ ಕಡೆ ಹೊರಟಿತು. ನನ್ನ ಬಾಣ ಕೊನೆಗೂ ಒಂದು ಕಡೆ ನಿಜವಾಯಿತು ಅನ್ನಿ.

ಅದಾದ ಮೇಲೆ ಕೋನೀಯ ಸಂವೇಗಕ್ಕೂ, ಅಂದರೆ ಒಂದು ಬಿಂದುವಿನ ಸುತ್ತ ವಸ್ತುವಿನ ಚಲನೆ ಎಷ್ಟು ಅನ್ನುವ ಅಳತೆಗೂ, ಇದೇ ದಾರಿ ಹಿಡಿದೆ. ಗೋಲಿಯನ್ನು ಉರುಳದ ಹಾಗೆ, ಬರೀ ಜಾರುವ ಹಾಗೆ ತಳ್ಳಿದಿರಿ ಅಂದುಕೊಳ್ಳಿ. ಘರ್ಷಣೆ ಅದನ್ನು ನಿಧಾನ ಮಾಡುತ್ತಾ, ಜೊತೆಗೇ ತಿರುಗಿಸುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಜಾರುವುದು ನಿಂತು ಬರೀ ಉರುಳುತ್ತದೆ. ಆಗ ವೇಗ ಎಷ್ಟು? ಗೋಲಿಯ ದಾರಿಯಲ್ಲೇ ನೆಲದ ಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳಿ. ಘರ್ಷಣೆಯ ಗೆರೆ ಆ ಚುಕ್ಕೆಯ ಮೇಲೇ ಹಾಯುವುದರಿಂದ ಚುಕ್ಕೆಯ ಸುತ್ತ ಕೋನೀಯ ಸಂವೇಗ ಬದಲಾಗುವುದಿಲ್ಲ. ಮೊದಲು ಇದ್ದದ್ದು mv₀R (m ಗೋಲಿಯ ದ್ರವ್ಯರಾಶಿ, v₀ ಮೊದಲಿನ ವೇಗ, R ಗೋಲಿಯ ತ್ರಿಜ್ಯ). ಕೊನೆಯ ವೇಗ v ಅಂದರೆ, ಕೊನೆಗೆ mvR ಜೊತೆಗೆ ತಿರುಗುವಿಕೆಯ ಪಾಲು, ಅಂದರೆ ಅದರ 2/5. ಉತ್ತರ v = 5v₀/7.

ನನಗೆ ಈಗಲೂ ಮಜಾ ಅನ್ನಿಸುವುದು ಇಲ್ಲೇ. ನೆಲ ನುಣುಪೋ ಒರಟೋ, ಉತ್ತರದಲ್ಲಿ ಅದರ ಸುಳಿವೇ ಇಲ್ಲ. ನುಣುಪು ನೆಲದಲ್ಲಿ ಜಾರುವ ದೂರ ಜಾಸ್ತಿ ಆಗುತ್ತದೆ, ಅಷ್ಟೇ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಇದನ್ನು ಅಳೆಯಲು ಹೋಗಿ ಸೋತೆ. ಬೆರಳಿನಿಂದ ಚಿಮ್ಮಿದಾಗ ಗೋಲಿಗೆ ಮೊದಲೇ ಸ್ವಲ್ಪ ತಿರುಗು ಸೇರಿಬಿಡುತ್ತದೆ. ಮರದ ತುಂಡಿನಿಂದ ಸರಿಯಾಗಿ ನಡುಮಟ್ಟಕ್ಕೆ ತಟ್ಟಿದ ಮೇಲೆ ಪರವಾಗಿಲ್ಲ ಅನ್ನುವಂತಾಯಿತು.

ವಾರ ಕಳೆದ ಮೇಲೆ, ಬಾಣ ಅಳಿಸ್ಲಾ ಅಂದಿದ್ದ ಅದೇ ಹುಡುಗ ಸ್ಟಾಫ್ ರೂಮಿಗೆ ಬಂದ. "ಮೇಡಂ, ಸೈಕಲ್ ಬೀಳದ ಹಾಗೆ ಸೀಟು ಹಿಡ್ಕೊಂಡು, ಕೆಳಗಿರೋ ಪೆಡಲ್‌ನ ಹಿಂದಕ್ಕೆ ಎಳೆದ್ರೆ ಸೈಕಲ್ ಎಲ್ಲಿಗೆ ಹೋಗುತ್ತೆ?" ಪೆಡಲ್ ತುಳಿಯುವಾಗ ಕೆಳಗಿನ ಪೆಡಲ್ ಹಿಂದಕ್ಕೇ ಹೋಗುತ್ತೆ, ಹಾಗಾದರೆ ಸೈಕಲ್ ಮುಂದಕ್ಕೆ ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಇಬ್ಬರೂ ಸೈಕಲ್ ಸ್ಟ್ಯಾಂಡಿಗೆ ಹೋದೆವು. ಅವನು ಸೀಟು ಹಿಡಿದ, ನಾನು ಬಗ್ಗಿ ಪೆಡಲಿಗೆ ದಾರ ಕಟ್ಟಿ ಎಳೆದೆ. ಸೈಕಲ್ ಹಿಂದಕ್ಕೇ ಬಂತು.